ಲೆಕ್ಕ ಸರಿ, ಥಿಯರಿ ಖಾಲಿ

(ಹೆಸರು, ಊರು, ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ.)

ಬಸು ಬಾಗಲಕೋಟೆಯಲ್ಲಿ ಮೊದಲ ವರ್ಷದ ಬಿಇ. ಮುಧೋಳ ಕಡೆಯ ಹಳ್ಳಿ, ಕಬ್ಬು ಬೆಳೆಯುವ ಮನೆ, ಹತ್ತನೇವರೆಗೆ ಕನ್ನಡ ಮೀಡಿಯಂ. ಮೊದಲ ಇಂಟರ್ನಲ್, ಅಂದರೆ ಕಾಲೇಜಿನವರೇ ನಡೆಸುವ ಟೆಸ್ಟ್, ಆದಮೇಲೆ ನನ್ನ ಹತ್ತಿರ ಬಂದ. "ಇದು ನನ್ನ ಕೈಲೆ ಆಗೂದಿಲ್ರಿ ಮೇಡಮ್, ಊರಿಗೆ ಹೊಕ್ಕೀನಿ" ಅಂದ.

ಇಂಟರ್ನಲ್‌ನ ಉತ್ತರ ಬರೆಯುವ ಬ್ಲೂ ಬುಕ್ಕಿನ ಫೋಟೋ ಅವನ ಮೊಬೈಲಿನಲ್ಲಿತ್ತು. ಫಿಸಿಕ್ಸ್ ಲೆಕ್ಕಗಳು ಕೊನೆಯ ಸ್ಟೆಪ್‌ವರೆಗೂ ಸರಿ. ಥಿಯರಿಗೆ ಬಂದರೆ, 'ಲೇಸರ್ ಈಸ್ ಎ' ಅಂತ ಬರೆದು, ಹೊಡೆದು, ಮತ್ತೆ ಅದನ್ನೇ ಬರೆದು, ಅಲ್ಲಿಂದ ಪುಟ ಪೂರ್ತಿ ಖಾಲಿ. ಸರಿ, ಲೇಸರ್ ಹೇಗೆ ಕೆಲಸ ಮಾಡುತ್ತೆ, ಕನ್ನಡದಲ್ಲೇ ಹೇಳು ಅಂದೆ. "ಮ್ಯಾಲಿನ ಲೆವೆಲ್‌ನ್ಯಾಗ ಆಟಂ ಜಾಸ್ತಿ ಆಗ್ಬೇಕ್ರಿ, ಅವು ಕೆಳಗ ಇಳಿಯುಮುಂದ ಬೆಳಕು ಬಿಡ್ತಾವು" ಅಂತ ಶುರು ಮಾಡಿದವನು ಕೈಯಲ್ಲೇ ಗೆರೆ ಎಳೆದು ತೋರಿಸಿದ. ಹುಡುಗನಿಗೆ ವಿಷಯ ಗೊತ್ತಿದೆ ಅಲ್ವಾ!

ಮೊದಲು ಅಂಕದ ಮಾತಾಡಿದೆವು, ಯಾಕಂದ್ರೆ ಭಯ ಅಲ್ಲೇ ಇತ್ತು. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) 2022ರ ಸ್ಕೀಮಿನಲ್ಲಿ ಸಿಐಇ, ಅಂದರೆ ಸೆಮಿಸ್ಟರ್ ನಡುವಿನ ಇಂಟರ್ನಲ್ ಮೌಲ್ಯಮಾಪನ, 50 ಅಂಕಕ್ಕೆ, ಕನಿಷ್ಠ 20 ಬೇಕು. ಹಾಜರಿ 85 ಪರ್ಸೆಂಟ್ ಇರಬೇಕು. ಅವನ ಹಾಜರಿ ಚೆನ್ನಾಗಿತ್ತು, ಇನ್ನೂ ಇಂಟರ್ನಲ್ ಬಾಕಿ ಇತ್ತು. ಇಷ್ಟಕ್ಕೆ ಊರಿಗೆ ಹೋಗುವಂಥದ್ದೇನೂ ಆಗಿರಲಿಲ್ಲ.

ಥಿಯರಿ ಪ್ರಶ್ನೆ ಬಂದರೆ ಮೊದಲು ಚಿತ್ರ ಬರಿ, ಭಾಗಗಳಿಗೆ ಹೆಸರು ಹಾಕು, ಸೂತ್ರ ಬರಿ, ಆಮೇಲೆ ಐದಾರು ಪದಗಳ ಪುಟ್ಟ ವಾಕ್ಯಗಳು ಅಂದೆ. ಓದುವಾಗ ರೂಮ್‌ಮೇಟ್‌ಗೆ ಕನ್ನಡದಲ್ಲಿ ವಿವರಿಸು, ಟೆಕ್ನಿಕಲ್ ಪದ ಮಾತ್ರ ಇಂಗ್ಲಿಷಿನಲ್ಲಿರಲಿ. ಸ್ಟಾಫ್ ರೂಮಿಗೆ ಹೋಗುವಾಗ "ಏನೂ ತಿಳಿದಿಲ್ರಿ" ಅನ್ನಬೇಡ. ಪುಟಕ್ಕೆ ಗುರುತು ಹಾಕಿಕೊಂಡು ಹೋಗಿ, ಇಲ್ಲೀತನಕ ತಿಳಿದೈತಿ, ಈ ಸಾಲು ತಿಳಿದಿಲ್ಲ ಅನ್ನು. ಈ ಕಡೆ ಹೆಚ್ಚಿನ ಸರ್‌ಗಳು ಕನ್ನಡದಲ್ಲೇ ಬಿಡಿಸಿ ಹೇಳುತ್ತಾರೆ, ಕೇಳುವವರೇ ಕಡಿಮೆ.

ಸಾಫ್ಟ್ ಸ್ಕಿಲ್ಸ್ ಅಂತ ಟೈ ಕಟ್ಟೋದು, ಕೈ ಕುಲುಕೋದು ಕಲಿಸುವುದನ್ನು ಸುಮಾರು ಕಡೆ ನೋಡಿದ್ದೇನೆ. ಅದು ಪ್ಲೇಸ್‌ಮೆಂಟ್ ಹೊತ್ತಿಗೆ ಬಂದರೂ ನಡೆಯುತ್ತೆ. ಮೊದಲ ವರ್ಷದವರಿಗೆ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಒಂದು ಡೌಟ್ ಕೇಳೋಕೆ ಬಂದರೆ ನನ್ನ ಲೆಕ್ಕದಲ್ಲಿ ಅದೇ ದೊಡ್ಡದು.

ಇನ್ನೊಂದು ವಿಷಯ ಅಪ್ಪನದು. ದಿನಾ ರಾತ್ರಿ ಫೋನಿನಲ್ಲಿ "ಹೆಂಗ ನಡದೈತಿ?" ಅಂದರೆ "ಚೊಲೋ ನಡದೈತ್ರಿ" ಅಂತಿದ್ದ, ಆಮೇಲೆ ನಿದ್ದೆ ಬರುತ್ತಿರಲಿಲ್ಲ. ಪೂರ್ತಿ ಕಥೆ ಬೇಡ, "ಫಿಸಿಕ್ಸ್ ಬಿಗಿ ಐತಿ, ಸರ್ ಕಡೆ ಕೇಳಾಕತ್ತೀನಿ" ಅಂತಷ್ಟೇ ಹೇಳು ಅಂದೆ. ಹೇಳಿದ. ಅಪ್ಪ, "ಕೇಳ್ಕೋ ಹಂಗಾರ, ಊಟ ಆತೇನು?" ಅಂದರಂತೆ.

ಸ್ಟಾಫ್ ರೂಮಿಗೆ ಮೊದಲ ಸಲ ಹೋದಾಗ ಸರ್ ಕ್ಲಾಸಿನಲ್ಲಿದ್ದರು, ವಾಪಸ್ ಬಂದ. ಮತ್ತೆ ಹೋದ. ಎರಡನೇ ಇಂಟರ್ನಲ್‌ನಲ್ಲಿ ಥಿಯರಿ ಬಿಟ್ಟಿಲ್ಲ, ಫಿಸಿಕ್ಸ್‌ನಲ್ಲಿ 20 ದಾಟುವ ಹಾಗಿದೆ. ಸಿ ಪ್ರೋಗ್ರಾಮಿಂಗ್ ಲ್ಯಾಬಿನ ವೈವಾದಲ್ಲಿ (ಬಾಯಲ್ಲಿ ಉತ್ತರ ಹೇಳುವ ಪರೀಕ್ಷೆ) ಮಾತ್ರ ಇನ್ನೂ ತಡವರಿಸುತ್ತಾನೆ. ಅದಕ್ಕೆ ಲ್ಯಾಬಿನ ಹಿಂದಿನ ರಾತ್ರಿ ರೂಮ್‌ಮೇಟ್ ಪ್ರಶ್ನೆ ಕೇಳಬೇಕು, ಇವನು ಎದ್ದು ನಿಂತು ಉತ್ತರ ಹೇಳಬೇಕು ಅಂತ ಮಾಡಿದ್ದೇವೆ.