ನಮ್ಮ ಕನ್ನಡ ಶಾಲೆಯಿಂದ ಬಂತು

ನೀವು ಕೇಳಿದ್ದು ಸರಿಯಾಗಿಯೇ ಇದೆ. ಗಡಿಯ ಊರು ಮಾಜಾಳಿ ದಾಟಿದರೆ ಗೋವಾ, ಮನೆಯಲ್ಲಿ ಆಡುವುದು ಕೊಂಕಣಿ. ಹಾಗಿದ್ದೂ ಕಾರವಾರದವರಿಗೆ ಕನ್ನಡದ ಮೇಲೆ ಇಷ್ಟು ಪ್ರೀತಿ ಎಲ್ಲಿಂದ? ನನ್ನ ಮಟ್ಟಿಗೆ ಅದು ಶಾಲೆಯಿಂದ ಬಂತು. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಶಾಲೆಯ ಮಾತು ಬಂದರೆ ದಿನಕರ ದೇಸಾಯಿಯವರ ಹೆಸರು ಬರಲೇಬೇಕು.

ಹೊರಗಿನವರಿಗೆ ಅವರು ಚುಟುಕದ ಕವಿ. ನನ್ನ ಅಜ್ಜನಿಗೆ ಮಾತ್ರ ರೈತಕೂಟದ, ಅಂದರೆ ರೈತರ ಸಂಘಟನೆಯ, ದೇಸಾಯರು. ಅಜ್ಜ ಅಂಕೋಲೆಯಲ್ಲಿ ಗೇಣಿಗೆ ಗದ್ದೆ ಮಾಡುತ್ತಿದ್ದರು. ಭತ್ತ ಅಳೆದು ಜಮೀನಿನ ಒಡೆಯರ ಮನೆಗೆ ಹಾಕಿ ಬಂದರೆ, ಮಳೆಗಾಲ ಹಿಡಿಯುವಷ್ಟರಲ್ಲಿ ನಮ್ಮ ಮನೆಯ ಅಕ್ಕಿ ಖಾಲಿ. ಅಂಥ ರೈತರನ್ನು ಒಟ್ಟು ಮಾಡಿದ್ದಕ್ಕೆ ಬ್ರಿಟಿಷ್ ಸರಕಾರ ದೇಸಾಯರನ್ನು ಜಿಲ್ಲೆಯಿಂದಲೇ ಗಡಿಪಾರು ಮಾಡಿತು. ಅವರು ಹುಟ್ಟಿದ್ದು ಅಂಕೋಲೆಯ ಪಕ್ಕದ ಅಲಗೇರಿಯಲ್ಲಿ, 1909ರಲ್ಲಿ. ತಮ್ಮ ಊರಿಗೇ ಕಾಲಿಡುವಂತಿಲ್ಲ! ಇದನ್ನು ಹೇಳುವಾಗ ಅಜ್ಜನ ದನಿ ಗಡುಸಾಗುತ್ತಿತ್ತು.

ಮುಂಬೈಯಲ್ಲಿ ದೇಸಾಯರು ಗೋಖಲೆ ಕಟ್ಟಿದ ಭಾರತ ಸೇವಕ ಸಮಾಜದ (ಸರ್ವೆಂಟ್ಸ್ ಆಫ್ ಇಂಡಿಯಾ ಸೊಸೈಟಿ) ಸದಸ್ಯರಾಗಿ ಹಡಗಿನ ಕೆಲಸಗಾರರ ಸಂಘಟನೆ ಮಾಡಿದರು. ನಮ್ಮ ಜಿಲ್ಲೆ 1956ರವರೆಗೆ ಮುಂಬೈ ರಾಜ್ಯದಲ್ಲೇ ಇತ್ತು, ಹೊಟ್ಟೆಪಾಡಿಗೆ ಎಲ್ಲರೂ ಓಡುತ್ತಿದ್ದುದು ಅಲ್ಲಿಗೇ. 1953ರಲ್ಲಿ ದೇಸಾಯರು ಶಾಲೆ ನಡೆಸುವ ಕೆನರಾ ವೆಲ್ಫೇರ್ ಟ್ರಸ್ಟ್ ಕಟ್ಟಿದರು. ಶಿರಾಲಿ, ಮುರ್ಡೇಶ್ವರ, ದಾಂಡೇಲಿಯಲ್ಲಿ ಜನತಾ ವಿದ್ಯಾಲಯ, ಅಂಕೋಲೆಯಲ್ಲಿ ಗೋಖಲೆ ಶತಮಾನೋತ್ಸವ ಕಾಲೇಜು. ಮೀನುಗಾರರ, ಹಾಲಕ್ಕಿ ಒಕ್ಕಲಿಗರ ಮಕ್ಕಳು ಹೈಸ್ಕೂಲಿನ ಮೆಟ್ಟಿಲು ಹತ್ತಿದ್ದು ಇಂಥ ಕಡೆ. ಪಾಟಿ ಹಿಡಿದು ಬಂದ ಮಗುವಿಗೆ ಮನೆಯ ಮಾತು ಯಾವುದಾದರೇನು, ಅಕ್ಕೋರು ಕಲಿಸಿದ್ದು ಕನ್ನಡ. (ಶಿಕ್ಷಕಿಯರನ್ನು ನಾವು ಅಕ್ಕೋರು ಎನ್ನುತ್ತೇವೆ.)

ಈಗ ರಾಜಕೀಯ. ಇಲ್ಲಿನ ಲೋಕಸಭೆ ಸೀಟು ಮೊದಲ ಮೂರು ಚುನಾವಣೆಯಲ್ಲೂ ಕಾಂಗ್ರೆಸ್ಸಿನ ಜೋಕಿಂ ಆಳ್ವರದ್ದು. 1967ರಲ್ಲಿ ದೇಸಾಯರು ಯಾವ ಪಕ್ಷದ ಟಿಕೆಟ್ಟೂ ಇಲ್ಲದೆ ನಿಂತು ಗೆದ್ದರು. ಅದು ಸುಮ್ನೆ ಆಗುವ ಕೆಲಸ ಅಲ್ಲ ಅಲ್ವಾ? ಗೇಣಿ ರೈತರ ಜೊತೆ ನಿಂತದ್ದು, ಊರೂರಿಗೆ ಶಾಲೆ ತಂದದ್ದು ಜನರಿಗೆ ನೆನಪಿತ್ತು. ಅದೇ ವರ್ಷ ಮಹಾರಾಷ್ಟ್ರದ ಜೊತೆಗಿನ ಗಡಿ ತಕರಾರು ನೋಡಿದ ಮಹಾಜನ ಆಯೋಗ ಕಾರವಾರ, ಹಳಿಯಾಳ, ಸೂಪಾ ಮೈಸೂರು ರಾಜ್ಯದಲ್ಲೇ ಇರಲಿ ಎಂದಿತು.

ಗೇಣಿದಾರರಿಗೇ ಭೂಮಿ ಕೊಡುವ 1974ರ ಭೂಸುಧಾರಣೆ ಬಂದಾಗ ಅಜ್ಜ ತಾವು ಗೇಣಿದಾರರೆಂದು ಡಿಕ್ಲರೇಷನ್ ಕೊಟ್ಟರು, ಗದ್ದೆ ನಮ್ಮದಾಯಿತು. ಅರ್ಜಿ ತುಂಬಿದ್ದು ನನ್ನ ಅಪ್ಪ, ಕನ್ನಡದಲ್ಲಿ. ನಮ್ಮ ಮನೆಯಲ್ಲಿ ಹೈಸ್ಕೂಲು ಓದಿದ ಮೊದಲಿಗರು ಅವರೇ.