ಬಾವುಟ ಬೇಡ, ಟ್ರಂಕ್ ಇಡಿ

ತುಮಕೂರಿನ ನಿಮ್ಮ ಕಾಲೇಜಲ್ಲಿ ವಿದ್ಯಾರ್ಥಿ ರಾಜಕೀಯದ ಬಗ್ಗೆ ಇನ್‌ಸ್ಟಲೇಷನ್ (ವಸ್ತುಗಳನ್ನು ಜೋಡಿಸಿಟ್ಟು ಮಾಡುವ ಕಲಾಕೃತಿ) ಮಾಡ್ತಿದ್ದೀರಿ, ಸಂಪ್ರದಾಯಸ್ಥ ಹುಡುಗರನ್ನು ಹೇಗೆ ತೋರಿಸಲಿ ಅಂತ ಕೇಳಿದ್ದೀರಿ. ಕೇಸರಿ, ಕೆಂಪು ಬಾವುಟವನ್ನಂತೂ ತೂಗುಹಾಕಬೇಡಿ. ನೋಡುವವರು ತಮ್ಮ ಪಾರ್ಟಿ ಗುರುತಿಸಿ ಮುಂದೆ ಹೋಗುತ್ತಾರೆ, ಅಷ್ಟೇ.

ಕೋಲಾರದಲ್ಲಿ ಓದುವಾಗ ನಾವು ಹಾಸ್ಟೆಲ್‌ನ ತಗಡಿನ ಟ್ರಂಕ್ ಒಂದನ್ನು ತೆರೆದಿಟ್ಟಿದ್ದೆವು. ಮುಚ್ಚಳಕ್ಕೆ ಅಂಟಿಸಿದ ಆಂಜನೇಯನ ಫೋಟೋ, ಪೊಲೀಸ್ ಪರೀಕ್ಷೆಯ ಗೈಡ್, ಅಮ್ಮ ಕೊಟ್ಟ ಚಟ್ನಿಪುಡಿ ಡಬ್ಬಿ. ಜಗಳಕ್ಕೆ ಬಂದ ಹುಡುಗನೊಬ್ಬ 'ನನ್ನ ಟ್ರಂಕ್ ಇದ್ದಂಗೇ ಇದೆಯಲ್ಲೋ' ಅಂತ ಅಲ್ಲೇ ಕೂತುಬಿಟ್ಟ. ಮಧ್ಯಾಹ್ನಕ್ಕೆ ಅದನ್ನು ತೆಗೆಸಿದರು, ಅದು ಬೇರೆ ಕತೆ.

ಇನ್ನೊಂದು ಐಡಿಯಾ. ನಮ್ಮ ರಾಜ್ಯದಲ್ಲಿ ಕಾಲೇಜು ಚುನಾವಣೆ ನಿಂತು ಮೂರು ದಶಕ ದಾಟಿದೆ. ದೇಶದ ಕಾಲೇಜು ಚುನಾವಣೆಗಳಿಗೆ ನಿಯಮ ಸೂಚಿಸಿದ ಲಿಂಗ್ಡೋ ಸಮಿತಿ 2006ರಲ್ಲಿ ಅಭ್ಯರ್ಥಿಯ ಖರ್ಚಿಗೆ 5,000 ರೂಪಾಯಿ ಮಿತಿ ಹಾಕಿತು, ಪ್ರಿಂಟ್ ಪೋಸ್ಟರ್ ಬೇಡ, ಕೈಯಲ್ಲೇ ಬರೆದಿರಬೇಕು ಎಂದಿತು. ಕೈಬರಹದ ಪೋಸ್ಟರ್‌ಗಳ ನಡುವೆ ತುಕ್ಕು ಹಿಡಿದ ಮತಪೆಟ್ಟಿಗೆ ಇಟ್ಟರೆ ಹೇಗಿರುತ್ತೆ?

ಸಾಮಾನಿಗೆ ದುಡ್ಡು ಸುರಿಯಬೇಡಿ. ಭದ್ರಾವತಿಯಲ್ಲಿ ಹುಟ್ಟಿದ ಕಲಾವಿದೆ ಶೀಲಾ ಗೌಡ ಡಾಂಬರು ಡ್ರಮ್, ಸೆಗಣಿ ಬಳಸಿಯೇ ಹೆಸರು ಮಾಡಿದವರು. ಗುಜರಿ ಅಂಗಡಿಗೆ ಒಮ್ಮೆ ಹೋಗಿ ಬನ್ನಿ. ಪ್ರಿನ್ಸಿಪಾಲರಿಗೆ ಸ್ಕೆಚ್ ಮೊದಲೇ ತೋರಿಸಿಬಿಡಿ, ನಾವು ಅದನ್ನೇ ಮಾಡಿರಲಿಲ್ಲ.