ಗಂಡನ ಮುಖ ನೋಡಿ ನನ್ನ ದಿನ ಶುರುವಾಗುತ್ತದೆ. ಇದು ಪ್ರೀತಿಯಾ, ಕೋಡಿಪೆಂಡೆನ್ಸಿಯಾ?

ಗಂಡ ಕುಡಿಯುತ್ತಾರೆ, ಮರುದಿನ ಅವರ ಆಫೀಸಿಗೆ ನೀವೇ ಫೋನ್ ಮಾಡಿ "ಜ್ವರ ಬಂದಿದೆ" ಅನ್ನುತ್ತೀರಿ. ಅವರು ಸಿಟ್ಟಾದ ದಿನ ನಿಮಗೆ ಊಟ ಸೇರುವುದಿಲ್ಲ. ಗೆಳತಿ ಇದಕ್ಕೆ ಕೋಡಿಪೆಂಡೆನ್ಸಿ (ನಮ್ಮ ಬದುಕೆಲ್ಲ ಇನ್ನೊಬ್ಬರ ಸುತ್ತಲೇ ಸುತ್ತುವ ರೂಢಿ) ಅಂದಳು, ಸಂಸಾರ ಅಂದ್ರೆ ಇದೇ ಅಲ್ವಾ ಅಂತ ಬೆಳಗಾವಿಯಿಂದ ಕೇಳಿದ್ದೀರಿ.

ನಾನು ವಿಜಯಪುರದವಳು. ನನ್ನದು ಗಂಡನ ಕಥೆಯಲ್ಲ, ತಮ್ಮನದು. ಒಂಬತ್ತು ವರ್ಷ ನಾನೂ ಇದನ್ನೇ ಮಾಡಿದೆ.

ರಾತ್ರಿ ರೊಟ್ಟಿ ಬಡಿಯುವಾಗ ನನ್ನ ಕಿವಿಯೆಲ್ಲ ಬಾಗಿಲ ಕಡೆ. ಬೈಕಿನ ಸ್ಟ್ಯಾಂಡ್ ಒಂದೇ ಸಲಕ್ಕೆ ಬಿದ್ದರೆ ಅವನು ಕುಡಿದಿಲ್ಲ. ಕಾಲು ಎರಡು ಮೂರು ಸಲ ತಡಕಾಡಿದರೆ ಕುಡಿದಿದ್ದಾನೆ. ಅವನು ಮೆಟ್ಟಿಲು ಹತ್ತುವುದರೊಳಗೆ ಅವ್ವನನ್ನು ಒಳಗೆ ಕಳಿಸಿ, ಟಿವಿ ಆರಿಸಿ, ತಾಟಿಗೆ ಬಡಿಸಿಟ್ಟಿರುತ್ತಿದ್ದೆ. ಹಂಚಿನ ಮೇಲಿನ ರೊಟ್ಟಿ ಸೀದು ಹೋಗಿರುತ್ತಿತ್ತು. ಅದನ್ನು ನಾನು ತಿನ್ನುತ್ತಿದ್ದೆ. ಅವನ ಕೈಗಡ ತೀರಿಸಲು ನನ್ನ ಬೋರಮಾಳ ಎರಡು ಸಲ ಒತ್ತೆ ಹೋಯಿತು. "ಅಕ್ಕಾ, ಇದೊಂದ್ಸಲ ನೋಡು" ಅಂದರೆ ಸಾಕಿತ್ತು.

ಕೋಡಿಪೆಂಡೆನ್ಸಿ ಅನ್ನುವ ಪದ ಹುಟ್ಟಿದ್ದು ಅಮೆರಿಕದಲ್ಲಿ, ಕುಡಿತ ಬಿಡಿಸುವ ಕೆಲಸ ಮಾಡುವವರ ನಡುವೆ. 1980ರ ದಶಕದಲ್ಲಿ ಅದು ಎಲ್ಲರ ಬಾಯಿಗೆ ಬಂತು. ಕುಡಿಯುವವನು ಬಾಟಲಿಯ ಸುತ್ತ ಸುತ್ತಿದರೆ, ಮನೆಯವರು ಅವನ ಸುತ್ತ ಸುತ್ತುತ್ತಾರೆ ಅನ್ನೋದನ್ನು ಅವರು ಕಂಡಿದ್ದರು. ಡಾಕ್ಟರುಗಳ ಕಾಯಿಲೆಗಳ ಪಟ್ಟಿಯಲ್ಲಿ ಈ ಹೆಸರಿಲ್ಲ. ಹಾಗಾಗಿ ನಿಮಗೆ ರೋಗ ಬಂದಿದೆ ಅಂದುಕೊಳ್ಳಬೇಡಿ. ಇದು ಮೈಗೆ ಹತ್ತಿದ ರೂಢಿ.

ಒಬ್ಬರಿಗೊಬ್ಬರು ಆಗುವುದೆಲ್ಲ ಕೋಡಿಪೆಂಡೆನ್ಸಿ ಅಲ್ಲ. ನಿಜವಾಗಿ ಜ್ವರ ಬಂದಾಗ ಗಂಜಿ ಮಾಡಿಕೊಡುವುದು ಸಂಸಾರವೇ. ನಾನು ಮಾಡಿದ್ದರಿಂದ ಅವನ ನಾಳೆ ಸುಧಾರಿಸುತ್ತದೆಯೋ, ಇಲ್ಲ ಅವನು ನಿನ್ನೆಯದರಿಂದ ತಪ್ಪಿಸಿಕೊಳ್ಳುತ್ತಾನೋ, ಅಷ್ಟು ನೋಡಿ. ಆಫೀಸಿಗೆ ನೀವು ಮಾಡುವ ಫೋನು ಎರಡನೆಯ ಥರದ್ದು. ಆ ಸುಳ್ಳಿನಿಂದ ಕುಡಿತದ ಬಿಸಿ ಅವರಿಗೆ ತಟ್ಟುವುದೇ ಇಲ್ಲ, ನಿಮಗಷ್ಟೇ ತಟ್ಟುತ್ತದೆ.

ಒಪ್ಪಿಕೊಳ್ಳಲು ನನಗೆ ತುಂಬಾ ಕಷ್ಟವಾದ ಮಾತೊಂದಿದೆ. ಅವನಿಗೆ ನಾನು ಬೇಕು ಅನ್ನೋದು ನನಗೂ ಬೇಕಾಗಿತ್ತು. ಅಪ್ಪನ ಸಿಟ್ಟಿಗೆ ಹೆದರಿ ಬೆಳೆದ ಹಿರಿಮಗಳು ನಾನು. ಯಾರ ಮುಖ ಯಾವಾಗ ಬಾಡುತ್ತದೆ ಅಂತ ಮೊದಲೇ ಹೇಳಬಲ್ಲೆ. "ಶಾಣ್ಯಾ ಹುಡುಗಿ" ಅಂತ ಮಂದಿ ಹೊಗಳಿದ್ದೂ ಅದಕ್ಕೇ. ತಮ್ಮ ಸರಿಹೋದರೆ ನಾನು ಯಾರಿಗೆ ಬೇಕು ಅನ್ನುವ ಹೆದರಿಕೆ ಒಳಗೊಳಗೇ ಇತ್ತು. ನಿಮ್ಮದು ಹೀಗೇ ಇರಬೇಕೆಂದಿಲ್ಲ, ಆದರೆ ಒಮ್ಮೆ ಒಳಗೆ ಇಣುಕಿ ನೋಡಿ.

ಒಂದು ದಿನ ಸಾಲ ಕೊಟ್ಟವರು ಬಾಗಿಲಿಗೆ ಬಂದರು. "ಅವನಿಗೇ ಕೇಳ್ರಿ" ಅಂದೆ. ಬಾಗಿಲ ಚೌಕಟ್ಟು ಗಟ್ಟಿಯಾಗಿ ಹಿಡಿದಿದ್ದೆ, ಕೈ ನಡುಗುತ್ತಿತ್ತು. ತಮ್ಮ ಮೂರು ತಿಂಗಳು ಮಾತಾಡಲಿಲ್ಲ. ಅವ್ವ ನನ್ನನ್ನೇ ಬೈದಳು. ಕೈ ಬಿಟ್ಟ ಮೊದಲ ದಿನಗಳಲ್ಲಿ ಹಗುರ ಅನ್ನಿಸುವುದಿಲ್ಲ, ಪಾಪ ಮಾಡಿದ ಹಾಗೆ ಅನ್ನಿಸುತ್ತದೆ. ಇದನ್ನು ನನಗೆ ಆಗ ಯಾರೂ ಹೇಳಿರಲಿಲ್ಲ, ಅದಕ್ಕೇ ಹೇಳುತ್ತಿದ್ದೇನೆ.

ಆದರೆ ಹಟಕ್ಕೆ ಬಿದ್ದು ಬಾಟಲಿ ಚೆಲ್ಲಬೇಡಿ. ವರ್ಷಗಟ್ಟಲೆ ದಿನಾ ಜಾಸ್ತಿ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಎರಡು ಮೂರು ದಿನದೊಳಗೆ ಫಿಟ್ಸ್ ಬರಬಹುದು, ಭ್ರಮೆ ಆಗಬಹುದು, ಜೀವಕ್ಕೂ ಅಪಾಯ. ಡಾಕ್ಟರ ಕಣ್ಣೆದುರೇ ಬಿಡಿಸಬೇಕು. ನಮ್ಮ ಕಡೆಯವರಿಗೆ ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್ ಇದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಅದು ಅವರಿಗಷ್ಟೇ ಅಲ್ಲ, ನಿಮಗೂ ಹೌದು. ನಾನು ಮೊದಲು ಮಾತಾಡಿದ್ದು ನನ್ನ ಬಗ್ಗೆಯೇ.

ಮತ್ತೆ, ಅವರು ಕೈ ಎತ್ತುತ್ತಾರಾ? ನೀವು ಬರೆದಿಲ್ಲ, ಆದರೂ ಕೇಳುತ್ತೇನೆ. ಹಾಗಿದ್ದರೆ ಇದನ್ನು ಕೋಡಿಪೆಂಡೆನ್ಸಿ ಅಂತ ಕರೆದು ನಿಮ್ಮ ಮೇಲೆ ತಪ್ಪು ಹಾಕಿಕೊಳ್ಳಲೇಬೇಡಿ. ಅದು ಹೊಡೆತ. ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ನಿಮ್ಮ ಪರ ಇದೆ.

ತಮ್ಮ ಎರಡು ಸಲ ಬಿಟ್ಟು ಮತ್ತೆ ಹಿಡಿದ. ಈಗ ತಿಂಗಳಿಗೊಮ್ಮೆ ಧಾರವಾಡಕ್ಕೆ ಹೋಗುತ್ತಾನೆ. ಬಸ್ಸಿಗೆ ಹೊರಡುವಾಗ ಚೀಟಿ, ಗುಳಿಗೆ ತಾನೇ ತೆಗೆದಿಟ್ಟುಕೊಳ್ಳುತ್ತಾನೆ. ನಾನು ನೆನಪಿಸುವುದಿಲ್ಲ.

ನಾಳೆ ಆಫೀಸಿಗೆ ಏನು ಹೇಳಲಿ ಅಂತ ಕೊನೆಗೆ ಕೇಳಿದ್ದೀರಿ. ನೀವು ಫೋನ್ ಮಾಡಬೇಡಿ. ಅಲ್ಲಿಂದಲೇ ಬಂದರೆ "ತಡೀರಿ, ಅವರಿಗೇ ಕೊಡುತ್ತೇನೆ" ಅನ್ನಿ. ಮಲಗಿದ್ದರೂ ಸರಿ, ದಿಂಬಿನ ಪಕ್ಕ ಫೋನ್ ಇಟ್ಟು ಬಂದು ನಿಮ್ಮ ಚಹಾ ಕುಡಿಯಿರಿ.